ಕರ್ತನ ಬರೋಣ: ನಾವು ಕಾಯುತ್ತಿರುವುದು ಯಾರಿಗಾಗಿ?

ನನಗಾಗ ಎಂಟೋ ಒಂಬತ್ತೋ ವರ್ಷ. ಮಧ್ಯಾಹ್ನದ ನಿದ್ದೆಯಿಂದ ಎದ್ದರೆ ಮನೆಯಲ್ಲಿ ಸದ್ದೇ ಇಲ್ಲ. ಅಮ್ಮನನ್ನು ಕೂಗಿದೆ. ಉತ್ತರ ಬರಲಿಲ್ಲ. ಒಲೆಯ ಮೇಲೆ ಪಾತ್ರೆ ಇತ್ತು. ಬಾಗಿಲ ಬಳಿ ಅಮ್ಮನ ಚಪ್ಪಲಿ ಇತ್ತು. ಅಮ್ಮ ಮಾತ್ರ ಇರಲಿಲ್ಲ. ಹಿಂದಿನ ವಾರವಷ್ಟೇ ಒಂದು ಕೂಟದಲ್ಲಿ ಬೋಧಕರೊಬ್ಬರು ಹೇಳಿದ್ದರು: ಕರ್ತನು, ಅಂದರೆ ಯೇಸು ಕ್ರಿಸ್ತನು, ಮತ್ತೆ ಬರುವ ದಿನ ನಂಬಿದವರೆಲ್ಲ ರೆಪ್ಪೆ ಬಡಿಯುವಷ್ಟರಲ್ಲಿ ಮೇಲಕ್ಕೆ ಎತ್ತಲ್ಪಡುತ್ತಾರೆ, ಸುಳ್ಳು ಹೇಳುವ ಮಕ್ಕಳು ಇಲ್ಲೇ ಉಳಿದುಬಿಡುತ್ತಾರೆ. ಅವತ್ತು ಬೆಳಿಗ್ಗೆ ನಾನೊಂದು ಸುಳ್ಳು ಹೇಳಿದ್ದೆ. ಎಲ್ಲ ಮುಗಿಯಿತು ಅಂದುಕೊಂಡು ಹೊಸ್ತಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಸ್ವಲ್ಪ ಹೊತ್ತಿಗೆ ಅಮ್ಮ ಒಣಗಿದ ಬಟ್ಟೆಗಳನ್ನು ಹೊತ್ತು ಮಹಡಿಯಿಂದ ಇಳಿದು ಬಂದಳು.

ಕ್ರೈಸ್ತ ಮನೆಗಳಲ್ಲಿ ಬೆಳೆದ ಅನೇಕರ ಹತ್ತಿರ ಇಂಥದ್ದೊಂದು ನೆನಪು ಇರುತ್ತದೆ. ಈಗ ಹಿಂತಿರುಗಿ ನೋಡಿದರೆ ನನಗೆ ಒಂದು ವಿಷಯ ಎದ್ದು ಕಾಣುತ್ತದೆ. ಅವತ್ತು ನನ್ನ ತಲೆಯ ತುಂಬ ‘ಆ ದಿನ’ ಇತ್ತು. ಬರುವಾತ ಎಲ್ಲೂ ಇರಲಿಲ್ಲ. ಕ್ರಿಸ್ತನ ಎರಡನೇ ಬರೋಣದ ಬಗ್ಗೆ ಇರುವ ಭಯಕ್ಕೂ ಗೊಂದಲಕ್ಕೂ ಮುಕ್ಕಾಲು ಪಾಲು ಕಾರಣ ಇದೇ ಎಂದು ನನಗೆ ಅನಿಸುತ್ತದೆ.

ಮೊದಲು ಈ ಪದವನ್ನೇ ನೋಡಿ. ಸಭೆಯ, ಅಂದರೆ ಚರ್ಚಿನ, ಹೊರಗಿನವರಿಗೆ ‘ಕರ್ತನ ಬರೋಣ’ ಎಂದರೆ ವಿಚಿತ್ರ ಅನಿಸಬಹುದು. ‘ನಾಳೆ ಬರೋಣ’ ಅನ್ನುತ್ತೇವಲ್ಲ, ಆ ಬರೋಣ ಅಲ್ಲ ಇದು. ಹಳೆಯ ರೂಢಿಯಲ್ಲಿ ಬರೋಣ ಎಂದರೆ ಬರುವಿಕೆ. ಕನ್ನಡ ಬೈಬಲ್ ಓದುವವರ ಬಾಯಲ್ಲಿ ಅದು ಇವತ್ತಿಗೂ ಉಳಿದಿದೆ. ಪುನರಾಗಮನ ಅನ್ನುವವರೂ ಇದ್ದಾರೆ. ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಇದಕ್ಕಿರುವ ಪದ ‘ಪರೂಸಿಯ’. ಹತ್ತಿರ ಇರುವುದು, ಬಂದು ತಲುಪುವುದು ಎಂದು ಅರ್ಥ. ಆ ಕಾಲದಲ್ಲಿ ರಾಜನೋ ಚಕ್ರವರ್ತಿಯೋ ಒಂದು ಪಟ್ಟಣಕ್ಕೆ ಭೇಟಿ ಕೊಟ್ಟರೆ ಅದನ್ನೂ ಪರೂಸಿಯ ಅನ್ನುತ್ತಿದ್ದರು. ಪಟ್ಟಣದ ಜನ ಒಳಗೆ ಕೂತು ಕಾಯುತ್ತಿರಲಿಲ್ಲ. ಬಾಗಿಲು ದಾಟಿ ದಾರಿಯವರೆಗೆ ಹೋಗಿ, ಬಂದವನನ್ನು ಕರೆದುಕೊಂಡು ಬರುತ್ತಿದ್ದರು. ಹೀಗೆ ಮುಂದೆ ಹೋಗಿ ಬರಮಾಡಿಕೊಳ್ಳುವುದಕ್ಕೆ ಕನ್ನಡದಲ್ಲಿ ಚೆಂದದ ಪದವೇ ಇದೆ: ಎದುರುಗೊಳ್ಳುವುದು.

ಈ ಎದುರುಗೊಳ್ಳುವ ಪದ ಹೊಸ ಒಡಂಬಡಿಕೆಯಲ್ಲಿ ಮೂರು ಕಡೆ ಬರುವುದನ್ನು ಗಮನಿಸಿ. ಯೇಸು ಹೇಳಿದ ಒಂದು ಕಥೆಯಲ್ಲಿ ಮದಲಿಂಗನನ್ನು, ಅಂದರೆ ಮದುಮಗನನ್ನು, ಎದುರುಗೊಳ್ಳಲು ಕನ್ಯೆಯರು ದೀಪ ಹಿಡಿದು ಹೊರಡುತ್ತಾರೆ. ಮೊದಲ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲನು ಕೈದಿಯಾಗಿ ರೋಮಿಗೆ ಬರುವಾಗ ಅಲ್ಲಿನ ವಿಶ್ವಾಸಿಗಳು ಅಷ್ಟು ದೂರ ನಡೆದು ಬಂದು ಅವನನ್ನು ಎದುರುಗೊಳ್ಳುತ್ತಾರೆ, ನೋಡಿ ಅವನಿಗೆ ಧೈರ್ಯ ಬರುತ್ತದೆ. ಮೂರನೆಯದು ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ 4ನೇ ಅಧ್ಯಾಯ: ಕರ್ತನು ಇಳಿದು ಬರುವಾಗ ಆತನವರು ಮೇಘಗಳಲ್ಲಿ ಆತನನ್ನು ಎದುರುಗೊಳ್ಳುತ್ತಾರೆ. ನನ್ನನ್ನು ಹೊಸ್ತಿಲ ಮೇಲೆ ಅಳಿಸಿದ ಬೋಧನೆ ನಿಂತಿರುವುದು ಇದೇ ಅಧ್ಯಾಯದ ಮೇಲೆ.

ಪೌಲನು ಅದನ್ನು ಬರೆದದ್ದು ಯಾರನ್ನೂ ಹೆದರಿಸುವುದಕ್ಕಲ್ಲ. ಕ್ರಿ.ಶ. 50ರ ಆಸುಪಾಸು. ಥೆಸಲೋನಿಕದ ಸಭೆ ಆಗಿನ್ನೂ ಎಳೆಯ ಸಭೆ. ಯೇಸು ಬೇಗ ಬರುತ್ತಾನೆ ಎಂದು ಕಾಯುತ್ತಿದ್ದವರ ನಡುವೆ ಕೆಲವರು ತೀರಿಕೊಂಡರು. ಉಳಿದವರಿಗೆ ಸಂಕಟ ಶುರುವಾಯಿತು. ಕಾಯುತ್ತಾ ಕಾಯುತ್ತಾ ಸತ್ತುಹೋದ ನಮ್ಮವರ ಗತಿ ಏನು? ಅವರಿಗೆ ಆ ದಿನ ತಪ್ಪಿಹೋಯಿತಾ? ಇದಕ್ಕೆ ಪೌಲನ ಉತ್ತರ ಸ್ಪಷ್ಟ: ಅವರಿಗೇನೂ ತಪ್ಪಿಲ್ಲ, ಕ್ರಿಸ್ತನಲ್ಲಿ ಸತ್ತವರೇ ಮೊದಲು ಏಳುತ್ತಾರೆ, ಆಮೇಲೆ ಎಲ್ಲರೂ ಜೊತೆಯಾಗಿ ಆತನ ಹತ್ತಿರ ಇರುತ್ತೇವೆ. ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿರಿ ಎಂದು ಹೇಳಿ ಅವನು ಆ ಭಾಗ ಮುಗಿಸುತ್ತಾನೆ. ಸಾವಿನ ಮನೆಯಲ್ಲಿ ಹೇಳುವುದಕ್ಕೆ ಬರೆದ ಮಾತು ಅದು. ಮಕ್ಕಳನ್ನು ಬೆದರಿಸುವ ಕೋಲಾಗಿ ಅದು ಹೇಗೆ ಬದಲಾಯಿತೋ ಎಂದು ಯೋಚಿಸಿದರೆ ಈಗಲೂ ನೋವಾಗುತ್ತದೆ.

ಎಲ್ಲ ಸಭೆಗಳೂ ಒಪ್ಪುವುದು ಏನು?

ಬರೋಣದ ಬಗ್ಗೆ ಕ್ರೈಸ್ತರಲ್ಲಿ ನೂರೆಂಟು ಅಭಿಪ್ರಾಯಗಳಿವೆ ಅನ್ನುವವರು ಒಂದನ್ನು ಮರೆಯುತ್ತಾರೆ. ನಡುವಿನ ಕಂಬದ ವಿಷಯದಲ್ಲಿ ಭಿನ್ನಾಭಿಪ್ರಾಯ ಇಲ್ಲ. ಕ್ರಿ.ಶ. 325ರಲ್ಲಿ ನೈಸೀಯದಲ್ಲಿ ಸೇರಿದ ಸಭಾಧ್ಯಕ್ಷರು ಒಪ್ಪಿ, 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಇನ್ನಷ್ಟು ಬಿಡಿಸಿ ಬರೆದ ವಿಶ್ವಾಸಪ್ರಮಾಣ ಇದನ್ನು ಹೇಳುತ್ತದೆ: ಕ್ರಿಸ್ತನು ಮಹಿಮೆಯೊಡನೆ ಮತ್ತೆ ಬರುವನು, ಬದುಕಿರುವವರಿಗೂ ಸತ್ತವರಿಗೂ ನ್ಯಾಯತೀರಿಸುವನು, ಆತನ ರಾಜ್ಯಕ್ಕೆ ಕೊನೆ ಇಲ್ಲ. ಕಥೋಲಿಕರು, ಆರ್ಥೊಡಾಕ್ಸ್ ಸಭೆಗಳವರು, ಪ್ರೊಟೆಸ್ಟೆಂಟರು ಎಲ್ಲರೂ ಇದನ್ನು ಒಪ್ಪುತ್ತಾರೆ. ಇದರ ಬೇರು ಅಪೊಸ್ತಲರ ಕೃತ್ಯಗಳ ಮೊದಲ ಅಧ್ಯಾಯದಲ್ಲಿದೆ. ಯೇಸು ಮೇಲಕ್ಕೆ ಎತ್ತಲ್ಪಟ್ಟ ಮೇಲೆ ಎಣ್ಣೆಮರಗಳ ಗುಡ್ಡದ ಮೇಲೆ ಶಿಷ್ಯರು ಆಕಾಶ ನೋಡುತ್ತಾ ನಿಂತಿದ್ದರು. ಬಿಳಿ ಬಟ್ಟೆಯ ಇಬ್ಬರು ಬಂದು, ಆಕಾಶದ ಕಡೆ ನೋಡುತ್ತಾ ಯಾಕೆ ನಿಂತಿದ್ದೀರಿ, ಈ ಯೇಸುವೇ ಹೋದ ಹಾಗೆಯೇ ಬರುತ್ತಾನೆ ಅಂದರು. ‘ಈ ಯೇಸುವೇ’ ಅನ್ನುವ ಮಾತಿನ ಮೇಲೆ ನನ್ನ ಕಣ್ಣು ಪ್ರತಿ ಸಲ ನಿಲ್ಲುತ್ತದೆ. ಬರುವಾತ ಗುರುತಿಲ್ಲದ ಯಾರೋ ಅಲ್ಲ. ಕುಷ್ಠರೋಗಿಯನ್ನು ಮುಟ್ಟಿದಾತ, ಲಾಜರನ ಸಮಾಧಿಯ ಮುಂದೆ ಅತ್ತಾತ, ಅದೇ ಕೈಗಳಲ್ಲಿ ಮೊಳೆಯ ಗಾಯ ಇರುವಾತ.

ಒಪ್ಪಿಗೆ ಇಲ್ಲದಿರುವುದು ಘಟನೆಗಳ ಕ್ರಮದ ಬಗ್ಗೆ. ಬೈಬಲ್‌ನ ಕೊನೆಯ ಪುಸ್ತಕವಾದ ಪ್ರಕಟನೆಯ 20ನೇ ಅಧ್ಯಾಯ ಸಾವಿರ ವರ್ಷದ ಆಳ್ವಿಕೆಯ ಮಾತಾಡುತ್ತದೆ. ಕ್ರಿಸ್ತನು ಮೊದಲು ಬಂದು ಆಮೇಲೆ ಭೂಮಿಯ ಮೇಲೆ ಸಾವಿರ ವರ್ಷ ಆಳುತ್ತಾನೆ ಎಂದು ಎರಡನೇ ಶತಮಾನದ ಜಸ್ಟಿನ್, ಐರೇನಿಯಸ್ ಮುಂತಾದವರು ನಂಬಿದ್ದರು. ಆ ಸಾವಿರ ವರ್ಷ ಎಂದರೆ ಈಗ ನಡೆಯುತ್ತಿರುವ ಸಭೆಯ ಕಾಲವೇ, ಅದು ಸಾಂಕೇತಿಕ ಸಂಖ್ಯೆ ಎಂದು ಐದನೇ ಶತಮಾನದ ಅಗಸ್ಟೀನ್ ಹೇಳಿದ. ಇವತ್ತಿಗೂ ಬಹುಪಾಲು ಹಳೆಯ ಸಭೆಗಳ ನಿಲುವು ಇದಕ್ಕೆ ಹತ್ತಿರ. ಸುವಾರ್ತೆ ಲೋಕವನ್ನೆಲ್ಲ ಬದಲಿಸಿದ ಮೇಲೆ ಕೊನೆಗೆ ಆತನು ಬರುತ್ತಾನೆ ಎನ್ನುವ ಮೂರನೇ ಗುಂಪೂ ಇದೆ. ಇನ್ನು ಸಭೆ ಗುಟ್ಟಾಗಿ ಮೊದಲೇ ಎತ್ತಲ್ಪಡುತ್ತದೆ, ಆಮೇಲೆ ಮಹಾಸಂಕಟ, ಆಮೇಲೆ ಬಹಿರಂಗ ಬರೋಣ ಎಂಬ ಎರಡು ಹಂತದ ಬೋಧನೆ ಹರಡಿದ್ದು 1830ರ ದಶಕದಲ್ಲಿ, ಬೋಧಕ ಜಾನ್ ನೆಲ್ಸನ್ ಡಾರ್ಬಿಯವರಿಂದ. 1909ರಲ್ಲಿ ಬಂದ ಸ್ಕೋಫೀಲ್ಡ್ ಬೈಬಲ್‌ನ ಟಿಪ್ಪಣಿಗಳು ಅದನ್ನು ಮನೆಮನೆಗೆ ತಲುಪಿಸಿದವು. ನಮ್ಮ ಅನೇಕ ಸಭೆಗಳಲ್ಲಿ ಬರೋಣ ಎಂದ ತಕ್ಷಣ ಮನಸ್ಸಿಗೆ ಬರುವ ಚಿತ್ರ ಈ ಕೊನೆಯದು. ಅದನ್ನು ಮನಸಾರೆ ನಂಬುವವರ ಜೊತೆ ನಾನು ಪ್ರಾರ್ಥನೆಗೆ ಕೂರುತ್ತೇನೆ, ಜಗಳ ಆಡುವುದಿಲ್ಲ. ಅದೊಂದೇ ಚಿತ್ರ ಎಂದು ಮಾತ್ರ ತಿಳಿಯಬೇಡಿ.

ತಾರೀಖಿನ ಹಿಂದೆ ಓಡಿದವರು

ಆ ದಿನವಾಗಲಿ ಗಳಿಗೆಯಾಗಲಿ ಯಾರಿಗೂ ಗೊತ್ತಿಲ್ಲ, ದೇವದೂತರಿಗೂ ಇಲ್ಲ, ಮಗನಿಗೂ ಇಲ್ಲ, ತಂದೆಗೆ ಮಾತ್ರ ಗೊತ್ತು ಎಂದು ಯೇಸುವೇ ಹೇಳಿದ್ದಾನೆ. ಇಷ್ಟು ನೇರವಾಗಿ ಹೇಳಿದ ಮೇಲೂ ಲೆಕ್ಕ ಹಾಕುವವರು ನಿಲ್ಲಲಿಲ್ಲ.

ಅಮೆರಿಕದ ವಿಲಿಯಂ ಮಿಲ್ಲರ್ ಒಬ್ಬ ರೈತ, ಆಮೇಲೆ ಬ್ಯಾಪ್ಟಿಸ್ಟ್ ಬೋಧಕರಾದವರು. ದಾನಿಯೇಲನ ಪುಸ್ತಕದ 2,300 ದಿನಗಳನ್ನು 2,300 ವರ್ಷ ಎಂದು ತೆಗೆದುಕೊಂಡು, ಕ್ರಿ.ಪೂ. 457ರಿಂದ ಎಣಿಸಿದರು. ಕೊನೆಗೆ ಅವರ ಅನುಯಾಯಿಗಳು 1844ರ ಅಕ್ಟೋಬರ್ 22 ಎಂದು ನಿಗದಿ ಮಾಡಿದರು. ಕೆಲವರು ಹೊಲದ ಬೆಳೆಯನ್ನು ಕೊಯ್ಯದೆ ಬಿಟ್ಟರು. ಅವತ್ತು ರಾತ್ರಿಯೆಲ್ಲ ಕಾದರು. ಬೆಳಗಾಯಿತು, ಮಾಮೂಲಿ ಸೂರ್ಯ ಹುಟ್ಟಿದ. ಚರಿತ್ರೆಯಲ್ಲಿ ಆ ದಿನಕ್ಕೆ ‘ಮಹಾ ನಿರಾಶೆ’ ಎಂದೇ ಹೆಸರು. ಅಷ್ಟು ಆಸೆಯಿಂದ ಕಾದವರು ಆ ಬೆಳಿಗ್ಗೆ ಅಕ್ಕಪಕ್ಕದವರ ಮುಖ ನೋಡಬೇಕಾಯಿತಲ್ಲ, ಅದನ್ನು ನೆನೆದರೆ ಕರುಳು ಚುರುಕ್ ಅನ್ನುತ್ತದೆ. 1992ರ ಅಕ್ಟೋಬರ್ 28ಕ್ಕೆ ದಕ್ಷಿಣ ಕೊರಿಯಾದಲ್ಲಿ ಇದೇ ಆಯಿತು. 2011ರ ಮೇ 21 ಎಂದು ಸಾರಿದ ಅಮೆರಿಕದ ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ಅದು ತಪ್ಪಿದಾಗ ಅಕ್ಟೋಬರ್ 21 ಅಂದರು, ಅದೂ ತಪ್ಪಿತು. ಮುಂದಿನ ವರ್ಷ ಅವರು ತಾರೀಖು ಹೇಳಲು ಹೋದದ್ದೇ ಪಾಪ ಎಂದು ಒಪ್ಪಿಕೊಂಡರು. ಅಂಥ ಇಳಿವಯಸ್ಸಿನಲ್ಲಿ ಹಾಗೆ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

ಯುದ್ಧ, ಭೂಕಂಪ, ಬರಗಾಲದ ಸುದ್ದಿ ಬಂದಾಗಲೆಲ್ಲ ಇದೇ ಗುರುತು ಅನ್ನುವ ವಿಡಿಯೋಗಳು ಮೊಬೈಲಿಗೆ ಬರುತ್ತವೆ, ಅಲ್ವಾ? ಮತ್ತಾಯ 24ನೇ ಅಧ್ಯಾಯದಲ್ಲಿ ಇವುಗಳ ಹೆಸರು ಹೇಳಿದ ಯೇಸು ಅಲ್ಲೇ ಇನ್ನೊಂದು ಮಾತು ಸೇರಿಸುತ್ತಾನೆ: ಕಳವಳಪಡಬೇಡಿ, ಇದಿನ್ನೂ ಕೊನೆ ಅಲ್ಲ. ಇವು ಹೆರಿಗೆ ನೋವಿನ ಶುರು ಮಾತ್ರ. ನೋವು ಶುರುವಾಯಿತು ಎಂದರೆ ಮಗು ಬರುವುದು ಖಂಡಿತ. ಯಾವ ನಿಮಿಷಕ್ಕೆ ಎಂದು ಮಾತ್ರ ಯಾರೂ ಹೇಳಲಾರರು.

ಹಾಗಾದರೆ ಸಿದ್ಧವಾಗಿರುವುದು ಹೇಗೆ?

ಮೇಲೆ ಹೇಳಿದ ಹತ್ತು ಕನ್ಯೆಯರ ಸಾಮ್ಯವನ್ನು, ಅಂದರೆ ಯೇಸುವಿನ ದೃಷ್ಟಾಂತ ಕಥೆಯನ್ನು, ಸ್ವಲ್ಪ ಹತ್ತಿರದಿಂದ ನೋಡಿ. ಐವರು ಬುದ್ಧಿವಂತೆಯರು, ಐವರು ಬುದ್ಧಿಯಿಲ್ಲದವರು. ಐವರು ಎಚ್ಚರ ಇದ್ದರು, ಐವರು ನಿದ್ದೆ ಹೋದರು ಎಂದು ನಮಗೆ ನೆನಪು. ಕಥೆಯಲ್ಲಿ ಹಾಗಿಲ್ಲ. ಮದಲಿಂಗ ತಡಮಾಡಿದ, ಹತ್ತೂ ಮಂದಿ ತೂಕಡಿಸಿ ಮಲಗಿಬಿಟ್ಟರು. ನಿದ್ದೆ ಬಂದದ್ದನ್ನು ಯೇಸು ತಪ್ಪೆಂದು ಎಣಿಸಲಿಲ್ಲ. ಮನುಷ್ಯರು ದಣಿಯುತ್ತಾರೆಂದು ಆತನಿಗೆ ಗೊತ್ತು. ವ್ಯತ್ಯಾಸ ಇದ್ದದ್ದು ಎಣ್ಣೆಯಲ್ಲಿ. ಮಧ್ಯರಾತ್ರಿ ಕೂಗು ಕೇಳಿದಾಗ ದೀಪ ಸರಿಮಾಡಲು ಬೇಕಾದದ್ದು ಐವರ ಹತ್ತಿರ ಇತ್ತು. ಉಳಿದವರು ಕೇಳಿದರು, ಇವರು ಕೊಡಲಿಲ್ಲ. ಇದು ಎಷ್ಟೋ ಜನರಿಗೆ ಸ್ವಾರ್ಥ ಅನಿಸುತ್ತದೆ. ಆದರೆ ಕೆಲವನ್ನು ಕೊಡಲು ಆಗುವುದೇ ಇಲ್ಲ. ಅಮ್ಮನ ಪ್ರಾರ್ಥನೆ ನನ್ನನ್ನು ಕಾಯಬಹುದು, ನನ್ನ ಬದಲು ದೇವರನ್ನು ಪ್ರೀತಿಸಲಾರದು.

ಕೊನೆಗೆ ಬಾಗಿಲು ಮುಚ್ಚುತ್ತದೆ. ಹೊರಗೆ ನಿಂತವರು ತಟ್ಟುತ್ತಾರೆ. ಒಳಗಿನಿಂದ ಬರುವ ಉತ್ತರ ‘ನೀವು ತಡವಾಗಿ ಬಂದಿರಿ’ ಎಂದಲ್ಲ. ‘ನಿಮ್ಮನ್ನು ನಾನರಿಯೆನು’ ಎಂದು. ಇಡೀ ಕಥೆಯ ಬೀಗದ ಕೈ ಇದೇ ಎಂದು ನನಗೆ ಅನಿಸುತ್ತದೆ. ಪರಿಚಯವೇ ಇಲ್ಲದವರ ಮದುವೆಗೆ ದೀಪ ಹಿಡಿದು ಬಂದಿದ್ದರು ಅವರು. ಈಗ ಇದರ ಪಕ್ಕದಲ್ಲಿ ಯೋಹಾನನ ಸುವಾರ್ತೆಯ 17ನೇ ಅಧ್ಯಾಯದ ಒಂದು ಮಾತು ಇಟ್ಟು ನೋಡಿ. ನಿತ್ಯಜೀವ ಅಂದರೆ ಏನು ಎಂದು ಯೇಸು ಅಲ್ಲಿ ಬಾಯಿಬಿಟ್ಟು ಹೇಳುತ್ತಾನೆ: ಒಬ್ಬನೇ ಸತ್ಯದೇವರನ್ನೂ, ಆತನು ಕಳುಹಿಸಿದ ಯೇಸು ಕ್ರಿಸ್ತನನ್ನೂ ತಿಳಿಯುವುದೇ ನಿತ್ಯಜೀವ. ಅಲ್ಲೂ ಅರಿಯುವ ಮಾತು, ಇಲ್ಲೂ ಅರಿಯುವ ಮಾತು.

ಹೀಗಾಗಿ ನಿತ್ಯತ್ವ ಎಂದರೆ ಮುಗಿಯದ ಕಾಲ ಎಂದಷ್ಟೇ ತಿಳಿದರೆ ಅರ್ಧ ಮಾತ್ರ ಹಿಡಿದ ಹಾಗೆ. ಮುಗಿಯದ ಕಾಲ ಸುಮ್ನೆ ಮುಗಿಯದಿದ್ದರೆ ಅದೇನು ವರ? ಯಾರ ಜೊತೆ ಅನ್ನುವುದು ಮುಖ್ಯ. ಮತ್ತೆ ಅದು ಸತ್ತ ಮೇಲೆ ಶುರುವಾಗುವುದೂ ಅಲ್ಲ. ನನ್ನ ಮಾತು ಕೇಳಿ ನಂಬುವವನು ಸಾವಿನಿಂದ ಜೀವಕ್ಕೆ ಆಗಲೇ ದಾಟಿದ್ದಾನೆ ಎಂದು ಯೋಹಾನ 5ರಲ್ಲಿ ಯೇಸು ಹೇಳುತ್ತಾನೆ. ಇನ್ನೊಂದು ತಪ್ಪು ತಿಳುವಳಿಕೆಯೂ ಇದೆ: ದೇಹ ಬಿಟ್ಟು, ಭೂಮಿ ಬಿಟ್ಟು, ಮೇಲೆಲ್ಲೋ ಹಾರಿಹೋಗುವುದೇ ಕೊನೆಯ ಗುರಿ ಎಂದು. ಬೈಬಲ್‌ನ ಕೊನೆಯ ಪುಟಗಳಲ್ಲಿ ಪರಿಶುದ್ಧ ಪಟ್ಟಣವೇ ಕೆಳಗೆ ಇಳಿದು ಬರುತ್ತದೆ. ಹೊಸ ಆಕಾಶ, ಹೊಸ ಭೂಮಿ, ದೇವರು ಮನುಷ್ಯರ ಜೊತೆ ವಾಸ. ಸತ್ತವರು ದೇಹದೊಡನೆ ಏಳುತ್ತಾರೆ. ಈ ನಂಬಿಕೆ ಸಮಾಧಿಯಲ್ಲೂ ಕಾಣುತ್ತದೆ. ಬಹಳ ಹಳೆಯ ರೂಢಿಯಂತೆ ಕ್ರೈಸ್ತರನ್ನು ಕಾಲು ಪೂರ್ವಕ್ಕೆ ಬರುವಂತೆ ಮಲಗಿಸಿ ಹೂಳುತ್ತಿದ್ದರು. ಮೂಡಣದಿಂದ ಹೊಳೆಯುವ ಮಿಂಚಿನಂತೆ ಆತನು ಬರುವಾಗ ಎದ್ದು ನಿಂತರೆ ಮುಖ ನೇರ ಆತನ ಕಡೆಗೇ ಇರಲಿ ಎಂದು.

ಕುರಿ ಮತ್ತು ಆಡುಗಳ ಸಾಮ್ಯ ಸಿದ್ಧತೆಯ ಇನ್ನೊಂದು ಮುಖ ತೋರಿಸುತ್ತದೆ. ಹಸಿದವನಿಗೆ ಊಟ, ಬಾಯಾರಿದವನಿಗೆ ನೀರು, ಪರದೇಶಿಗೆ ಆಸರೆ, ಬಟ್ಟೆಯಿಲ್ಲದವನಿಗೆ ಬಟ್ಟೆ, ರೋಗಿಯ ಆರೈಕೆ, ಸೆರೆಯಲ್ಲಿದ್ದವನ ಭೇಟಿ. ಇವನ್ನು ಮಾಡಿದವರು ಆ ದಿನ ಆಶ್ಚರ್ಯದಿಂದ ಕೇಳುತ್ತಾರೆ: ಕರ್ತನೇ, ನಿನಗೆ ನಾವು ಯಾವಾಗ ಇದನ್ನೆಲ್ಲ ಮಾಡಿದೆವು? ಅವರಿಗೆ ನೆನಪೇ ಇಲ್ಲ. ಲೆಕ್ಕ ಇಟ್ಟು ಮಾಡಿದ್ದಲ್ಲ ಅದು.

ಮಾರ್ಕನ ಸುವಾರ್ತೆಯಲ್ಲಿ ನನಗೆ ತುಂಬ ಹತ್ತಿರವಾದ ಒಂದು ಸೂಕ್ಷ್ಮ ಇದೆ. 13ನೇ ಅಧ್ಯಾಯದ ಕೊನೆಗೆ ಯೇಸು ಹೇಳುತ್ತಾನೆ: ಎಚ್ಚರವಾಗಿರಿ, ಮನೆಯ ಯಜಮಾನ ಸಂಜೆ ಬರುತ್ತಾನೋ, ಮಧ್ಯರಾತ್ರಿಯೋ, ಕೋಳಿ ಕೂಗುವಾಗಲೋ, ಬೆಳಿಗ್ಗೆಯೋ ಗೊತ್ತಿಲ್ಲ. ರಾತ್ರಿಯ ನಾಲ್ಕು ಜಾವ. ಪುಟ ತಿರುಗಿಸಿ. ಸಂಜೆಯಾದಾಗ ಕಡೆಯ ಊಟ, ದ್ರೋಹಿಯೂ ಪಂಕ್ತಿಯಲ್ಲೇ ಕೂತಿದ್ದಾನೆ. ರಾತ್ರಿ ಗೆತ್ಸೆಮನೆ ತೋಟದಲ್ಲಿ ಅದೇ ‘ಎಚ್ಚರವಾಗಿರಿ’ ಎಂಬ ಮಾತು, ಶಿಷ್ಯರು ಮೂರು ಸಲ ನಿದ್ದೆ. ಕೋಳಿ ಕೂಗುವಾಗ ಶಿಷ್ಯ ಪೇತ್ರ ಅವನನ್ನು ನಾನರಿಯೆ ಅನ್ನುತ್ತಾನೆ. ಬೆಳಗಾದಾಗ ಮಹಾಯಾಜಕರು ಯೇಸುವನ್ನು ಕಟ್ಟಿ ರೋಮನ್ ಅಧಿಪತಿ ಪಿಲಾತನ ಕೈಗೆ ಕೊಡುತ್ತಾರೆ, ಶಿಷ್ಯರು ಯಾರೂ ಜೊತೆಗಿಲ್ಲ. ನಾಲ್ಕು ಜಾವದಲ್ಲೂ ಆತನ ಹತ್ತಿರದವರೇ ಸೋತರು. ಹಾಗಿದ್ದೂ ಸಮಾಧಿ ಬರಿದಾದ ಬೆಳಿಗ್ಗೆ ದೂತನು ಹೆಂಗಸರಿಗೆ ಹೇಳಿದ್ದು, ಹೋಗಿ ಶಿಷ್ಯರಿಗೂ ಪೇತ್ರನಿಗೂ ತಿಳಿಸಿ ಎಂದು. ಪೇತ್ರನ ಹೆಸರನ್ನು ಬೇರೆಯಾಗಿ ಹೇಳುತ್ತಾನೆ. ಸುಳ್ಳು ಹೇಳಿ ಹೊಸ್ತಿಲ ಮೇಲೆ ಕೂತಿದ್ದ ಆ ಮಗುವಿಗೆ ಯಾರಾದರೂ ಇದನ್ನು ಅವತ್ತೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು. ಬಿದ್ದವರು ತಿರುಗಿ ಬರುವುದೂ ಸಿದ್ಧತೆಯೇ. ಮಾನಸಾಂತರ ಅನ್ನುವ ಪದಕ್ಕೆ ಬೇರೇನು ಅರ್ಥ?

ದಿನನಿತ್ಯದ ಕೆಲಸ ಬಿಟ್ಟು ಕೂರುವುದು ಸಿದ್ಧತೆ ಅಲ್ಲ ಎಂದು ಪೌಲನೂ ಎಚ್ಚರಿಸಬೇಕಾಯಿತು. ಅದೇ ಥೆಸಲೋನಿಕದವರಿಗೆ ಬರೆದ ಎರಡನೇ ಪತ್ರದಲ್ಲಿ, ದುಡಿಯಲು ಮನಸ್ಸಿಲ್ಲದವನು ಊಟವನ್ನೂ ಮಾಡಬಾರದು ಅಂದುಬಿಟ್ಟ. ಇದಕ್ಕೆ ಒಂದು ಒಳ್ಳೆಯ ಉದಾಹರಣೆ 1780ರ ಮೇ 19ರಂದು ಸಿಕ್ಕಿತು. ಅಮೆರಿಕದ ಈಶಾನ್ಯ ಭಾಗದಲ್ಲಿ ಹಗಲಲ್ಲೇ ಕತ್ತಲು ಕವಿಯಿತು. ಕಾಡ್ಗಿಚ್ಚಿನ ಹೊಗೆ ಎಂದು ಈಗ ಗೊತ್ತು, ಅವತ್ತು ನ್ಯಾಯತೀರ್ಪಿನ ದಿನವೇ ಬಂತು ಎಂದು ಜನ ನಡುಗಿದರು. ಕನೆಕ್ಟಿಕಟ್‌ನ ಶಾಸನಸಭೆಯಲ್ಲಿ ಕಲಾಪ ನಿಲ್ಲಿಸಿ ಮನೆಗೆ ಹೋಗೋಣ ಅಂದರು ಕೆಲವರು. ಅಬ್ರಹಾಂ ಡೇವನ್‌ಪೋರ್ಟ್ ಎಂಬ ಸದಸ್ಯರು ಒಪ್ಪಲಿಲ್ಲ. ಆ ದಿನ ಬಂದಿಲ್ಲವಾದರೆ ನಿಲ್ಲಿಸಲು ಕಾರಣವಿಲ್ಲ, ಬಂದಿದ್ದರೆ ನನ್ನ ಕರ್ತವ್ಯ ಮಾಡುತ್ತಿರುವಾಗಲೇ ಆತನು ನನ್ನನ್ನು ಕಾಣಲಿ, ಮೇಣದಬತ್ತಿ ತನ್ನಿ ಎಂದರು.

ಇಷ್ಟು ವರ್ಷ ಆಯಿತು, ಇನ್ನೂ ಯಾಕೆ ಬಂದಿಲ್ಲ ಅನ್ನುವ ಪ್ರಶ್ನೆ ಹೊಸದಲ್ಲ. ಪೇತ್ರನ ಎರಡನೇ ಪತ್ರದ ಕಾಲಕ್ಕೇ ಜನ ಅಣಕಿಸುತ್ತಿದ್ದರು. ಕರ್ತನಿಗೆ ಸಾವಿರ ವರ್ಷ ಒಂದು ದಿನದ ಹಾಗೆ, ಆತನು ತಡಮಾಡುತ್ತಿಲ್ಲ, ಯಾರೂ ನಾಶವಾಗದೆ ಎಲ್ಲರೂ ತಿರುಗಿಕೊಳ್ಳಲಿ ಎಂದು ತಾಳಿಕೊಂಡಿದ್ದಾನೆ ಎಂದು ಅಲ್ಲಿ ಉತ್ತರ ಇದೆ. ನನ್ನ ಮಟ್ಟಿಗೆ ಹೇಳುವುದಾದರೆ, 1844ರಲ್ಲೇ ಆತನು ಬಂದಿದ್ದರೆ ನಾನು ಹುಟ್ಟುತ್ತಲೇ ಇರಲಿಲ್ಲ. ಆತನ ತಾಳ್ಮೆಯೊಳಗೆ ನನಗೂ ಜಾಗ ಸಿಕ್ಕಿದೆ.

ಮೊದಲ ಕ್ರೈಸ್ತರ ನಾಲಿಗೆಯ ಮೇಲಿದ್ದ ಪುಟ್ಟ ಪ್ರಾರ್ಥನೆಯೊಂದನ್ನು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಕೊನೆಯಲ್ಲಿ ಹಾಗೇ ಇಟ್ಟಿದ್ದಾನೆ: ಮಾರನಾಥ. ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯದು. ‘ಮಾರನ್ ಅಥಾ’ ಎಂದು ಬಿಡಿಸಿದರೆ ನಮ್ಮ ಕರ್ತನು ಬಂದಿದ್ದಾನೆ. ‘ಮಾರನಾ ಥಾ’ ಎಂದು ಬಿಡಿಸಿದರೆ ನಮ್ಮ ಕರ್ತನೇ, ಬಾ. ಕ್ರೈಸ್ತರು ಬದುಕುವುದು ಈ ಎರಡರ ನಡುವೆ. ಕರ್ತನ ಭೋಜನದಲ್ಲಿ ರೊಟ್ಟಿ ಮುರಿಯುವಾಗಲೆಲ್ಲ ಆತನು ಬರುವ ತನಕ ಆತನ ಮರಣವನ್ನು ಸಾರುತ್ತೇವೆ. ‘ನಿನ್ನ ರಾಜ್ಯವು ಬರಲಿ’ ಎಂದು ದಿನಾ ಬೆಳಿಗ್ಗೆ ಬೇಡುವಾಗ, ಎಷ್ಟೋ ಸಲ ಗಮನವೇ ಇಲ್ಲದೆ, ಬರೋಣಕ್ಕಾಗಿಯೇ ಪ್ರಾರ್ಥಿಸುತ್ತಿರುತ್ತೇವೆ.

ಲೂಕ 12ರಲ್ಲಿ ಕಾಯುವ ಆಳುಗಳ ಚಿತ್ರ ಒಂದಿದೆ. ನಡುಕಟ್ಟಿಕೊಂಡು, ದೀಪ ಉರಿಸಿಕೊಂಡು, ಯಜಮಾನ ಮದುವೆಯಿಂದ ಬಂದು ಬಾಗಿಲು ತಟ್ಟಿದ ಕೂಡಲೇ ತೆಗೆಯಲು ಕಾದಿದ್ದಾರೆ. ನಡುರಾತ್ರಿ ಬಂದ ಯಜಮಾನ ಹಸಿದಿರಬೇಕು, ಊಟ ಬಡಿಸಿ ಅನ್ನಬೇಕು. ಯೇಸು ಹೇಳಿದ್ದು ಬೇರೆ. ಯಜಮಾನನೇ ನಡುಕಟ್ಟಿಕೊಳ್ಳುತ್ತಾನೆ, ಆಳುಗಳನ್ನು ಊಟಕ್ಕೆ ಕೂರಿಸುತ್ತಾನೆ, ಹತ್ತಿರ ಬಂದು ತಾನೇ ಬಡಿಸುತ್ತಾನೆ.